ಬಾಣಂತಿ ಕೋಣೆಯ ಸಾಕ್ಷಿ

ನಮ್ಮವರ ಕೋರ್ಟಿಗೆ ಸಂಬಳವಿಲ್ಲದ ಜವಾನ ಯಾರಾದರೂ ಇದ್ದರೆ ಅದು ನಾನು. ಈ ಮಾತನ್ನು ಅವರ ಮುಖದ ಮುಂದೆಯೇ ಎಷ್ಟೋ ಸಲ ಆಡಿದ್ದೇನೆ. ಮಡಿಕೇರಿಯ ಮ್ಯಾಜಿಸ್ಟ್ರೇಟ್ ದೇರಪ್ಪನವರ ಹೆಂಡತಿ ಬೊಳ್ಳಮ್ಮ ಅಂದರೆ ಜರಿ ಸೀರೆ ಉಟ್ಟು, ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾಳೆ ಎಂದು ಊರವರು ತಿಳಿದಿದ್ದರು. ನಾನು ಕೂತದ್ದೆಲ್ಲ ಒಲೆಯ ಮುಂದೆ. ಜಗಲಿಯಲ್ಲಿ ಕೂತಿರುತ್ತಿದ್ದವರು ಕಳ್ಳ ಮಕ್ಕಳು.

ಬಿಳಿಯರ ಆಳ್ವಿಕೆಯ ಕಾಲ. ಕೊಡಗಿನಲ್ಲಿ ಎಲ್ಲಿ ಯಾವ ಮಗು ಏನು ಕದ್ದರೂ, ಯಾರಿಗೆ ಕಲ್ಲು ಹೊಡೆದರೂ ಆ ಕೇಸು ಸುತ್ತಿ ಸುತ್ತಿ ಇವರ ಹತ್ತಿರ ಬರುತ್ತಿತ್ತು. ಬೇರೆ ಮ್ಯಾಜಿಸ್ಟ್ರೇಟರಿಗೆ ಅದು ಬೇಡ. ಮಕ್ಕಳ ಕೇಸಿನಲ್ಲಿ ಹೆಸರಿಲ್ಲ, ಬಡ್ತಿಯಿಲ್ಲ, ಮೂಗು ಒರೆಸುವ ಕೆಲಸ ಮಾತ್ರ. ಇವರು ಅದನ್ನು ಬೇಕು ಬೇಕು ಅಂತ ಮೈಮೇಲೆ ಹಾಕಿಕೊಂಡರು.

ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಿದ್ದಾಪುರದ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಬೀಜ ಕದ್ದ ಹುಡುಗನೊಬ್ಬನಿಗೆ ಇವರು ಬೆತ್ತದ ಏಟು ಬರೆದರು. ಆಗಿನ ಕಾಯ್ದೆ ಹಾಗಿತ್ತು. ಏಟು ಬೀಳುವಾಗ ಬರೆದವರೇ ಎದುರು ನಿಂತು ನೋಡಬೇಕು ಎಂಬುದೂ ಕಾಯ್ದೆಯೇ. ಅವತ್ತು ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತವರು ಕೂತೇ ಇದ್ದರು. "ಹುಡುಗ ಏಟು ಬಿದ್ದಾಗೆಲ್ಲ ಅವ್ವಾ ಅವ್ವಾ ಅಂದ. ಅವನಿಗೆ ಅವ್ವ ಇಲ್ಲೆ ಅಂತ ನನ್ನ ಕಾಗದದಲ್ಲೇ ಬರ್ದಿತ್ತು," ಅಂದರು. ಆಮೇಲೆ ಪೆನ್ಷನ್ ಆಗುವವರೆಗೆ ಇವರು ಒಂದು ಮಗುವಿಗೂ ಬೆತ್ತ ಬರೆಯಲಿಲ್ಲ. ಯಾಕೆ ಎಂದು ಮೇಲಿನವರು ಕೇಳಿದರೆ ಉದ್ದುದ್ದ ಉತ್ತರ ಬರೆದು ಕಳಿಸುತ್ತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಇವರ ರಗಳೆ. ಮಕ್ಕಳು ಕಟಕಟೆ ಕಂಡರೆ ಸುಳ್ಳು ಹೇಳುತ್ತಾರೆ ಎಂದು ವಿಚಾರಣೆಯನ್ನು ನಮ್ಮ ಮನೆಯ ಜಗಲಿಗೆ ತಂದರು. ಕುರ್ಚಿಯಿಲ್ಲ, ಚಾಪೆ. ಹೆಡ್ ಕಾನ್‌ಸ್ಟೇಬಲ್ ಪೂವಯ್ಯ ಮೆಟ್ಟಿಲ ಹತ್ತಿರವೇ ಪೇಟ, ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿ ಒಳಗೆ ಬರಬೇಕು. ಹಸಿದ ಮಗುವಿನ ಹತ್ತಿರ ಏನೂ ಕೇಳುವ ಹಾಗಿಲ್ಲ, ಮೊದಲು ಊಟ. ಊಟ ಯಾರು ಮಾಡಬೇಕು? ನಾನು. ಮಕ್ಕಳನ್ನು ಜೈಲಿನಲ್ಲಿ ದೊಡ್ಡವರ ಜೊತೆ ಇಡಬಾರದೆಂದು, ಕೇಸು ಮುಗಿಯುವವರೆಗೆ ನಮ್ಮಲ್ಲೇ ಮಲಗಿಸಿಕೊಳ್ಳುವುದು ಬೇರೆ. ಹೇನು ಹೆಕ್ಕುವವಳೂ ನಾನೇ.

ಕಕ್ಕಬೆಯ ಯಮುನ ಬಂದದ್ದು ನಾಟಿಯ ದಿನಗಳಲ್ಲಿ. ಹನ್ನೊಂದು ವರ್ಷದ ಗೂಡೆ, ನಮ್ಮ ಮಾತಿನಲ್ಲಿ ಹುಡುಗಿಗೆ ಹಾಗನ್ನುತ್ತೇವೆ. ಅಪ್ಪ ಅವ್ವ ಇಬ್ಬರೂ ಜ್ವರದಲ್ಲಿ ಹೋದ ಮೇಲೆ ಚಿಕ್ಕಪ್ಪ ಗುರುವಪ್ಪನ ಮನೆಯಲ್ಲಿ ಬೆಳೆದವಳು. ಪೂವಯ್ಯ ಅವಳನ್ನು ಚಾಪೆಯ ಮೇಲೆ ಕೂರಿಸಿ, ತಲೆ ಕೆರೆದುಕೊಂಡು ನಿಂತ.

"ಈ ಗೂಡೆ ಎಂತ ಕದ್ದದ್ದು?" ಎಂದೆ.

"ಕದ್ದದ್ದಲ್ಲಮ್ಮ. ದೊರೆಗೆ ಗುಂಡು ಹೊಡ್ದದ್ದು."

ನನ್ನ ಕೈಯಲ್ಲಿದ್ದ ಚೆಂಬು ಅಲ್ಲೇ ಕೆಳಗಿಟ್ಟೆ.

ನಡೆದದ್ದು ಇಷ್ಟು ಎಂದು ಪೂವಯ್ಯ ಹೇಳಿದ. ಗುರುವಪ್ಪನ ಮನೆ ಗುಡ್ಡದ ಮೇಲೆ ಒಂಟಿಯಾಗಿದೆ. ಅವನು ವಿರಾಜಪೇಟೆ ಸಂತೆಗೆ ಹೋಗಿದ್ದ. ಮನೆಯ ಕೆಳಗಿನ ದಾರಿಯಲ್ಲಿ ಎಸ್ಟೇಟಿನ ಮ್ಯಾನೇಜರ್ ದೊರೆ ಕುದುರೆಯ ಮೇಲೆ ಬರುತ್ತಿದ್ದಾಗ ಮೇಲಿಂದ ಒಂದರ ಹಿಂದೆ ಒಂದು, ಎರಡು ಗುಂಡಿನ ಶಬ್ದ. ಕುದುರೆ ಬೆದರಿ ದೊರೆಯನ್ನು ಕೆಡವಿತು, ಕೈ ಮುರಿಯಿತು. ಅವನ ಆಳುಗಳು ಮೇಲೆ ಓಡಿ ನೋಡಿದರೆ ಅಂಗಳದಲ್ಲಿ ಈ ಗೂಡೆ ಜೋಡುನಳಿಗೆ ಕೋವಿ ಹಿಡಿದು ನಿಂತಿದ್ದಾಳೆ. ಅಲ್ಲಿಂದಲೇ ಹಿಡಿದು ತಂದರು. ನನ್ನನ್ನು ಕೊಲ್ಲಲು ಯಾರೋ ಮಗುವಿನ ಕೈಗೆ ಕೋವಿ ಕೊಟ್ಟಿದ್ದಾರೆ ಎಂದು ದೊರೆಯ ಫಿರ್ಯಾದು. ಯಾಕೆ ಹೊಡೆದೆ ಎಂದು ಕೇಳಿದರೆ ಗೂಡೆ "ಆಟಕ್ಕೆ" ಎಂದಳಂತೆ. ಆಮೇಲೆ ಬಾಯಿ ತೆರೆಯಲಿಲ್ಲ.

ನಮ್ಮಲ್ಲೂ ತೆರೆಯಲಿಲ್ಲ. ಅನ್ನ ಹಾಕಿದರೆ ಉಂಡಳು, ತಟ್ಟೆ ತೊಳೆದಿಟ್ಟಳು. ಇವರು ಪಕ್ಕದಲ್ಲಿ ಕೂತು, "ಕೋವಿ ಭಾರ ಅಲ್ವಾ ಮಗು? ಹೇಗೆ ಎತ್ತಿದ್ದು?" ಎಂದು ಮೆಲ್ಲಗೆ ಕೇಳಿದರು. ಅವಳು ಚಾಪೆಯ ಅಂಚು ಕೀಳುತ್ತಾ ಕೂತಳು. ನಾನು ಸ್ನಾನ ಮಾಡಿಸುವಾಗ ನೋಡಿದೆ, ಕೋವಿ ಒದ್ದು ಅವಳ ಬಲ ಹೆಗಲೆಲ್ಲ ಕಪ್ಪಗೆ ಕಂದಿಹೋಗಿತ್ತು. ಎಣ್ಣೆ ಹಚ್ಚಿದರೆ ನರಳಲೂ ಇಲ್ಲ. ಇಂಥ ಹಟಮಾರಿಯನ್ನು ನಾನು ಕಂಡಿರಲಿಲ್ಲ. "ಬಾಯಿ ಬಿಡ್ದಿದ್ರೆ ನಿನ್ನನ್ನು ಘಟ್ಟದ ಕೆಳಗೆ ಕಳಿಸ್ತಾರೆ, ಗೊತ್ತುಟ್ಟಾ?" ಎಂದು ಗದರಿದೆ. ಅವಳು ತಲೆಯಾಡಿಸಿದಳು. ಗೊತ್ತು ಎಂದು.

ಮಾರನೆಯ ವಾರ ಊರಿನ ಸಾಕ್ಷಿಗಳು ಬಂದರು. ಮುಂದೆ ನಿಂತವರು ಗುರುವಪ್ಪನ ಗುಡ್ಡದ ಕೆಳಗಿನ ಮನೆಯ ಸಾಂತಪ್ಪ, ಊರಿಗೆ ಹಿರಿಯರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ.

"ನೀವೆಲ್ಲ ಗದ್ದೆ ಬಿಟ್ಟು ಓಡಿ ಬಂದದ್ದು ಯಾಕೆ ಸಾಂತಪ್ಪಜ್ಜ?" ಎಂದರು ಇವರು.

"ಶಬ್ದ ಕೇಳ್ತು ಸ್ವಾಮಿ. ಬಂದ್ವಿ."

"ಬರುವಾಗ ಬಿದಿರು ಕಡ್ದು ತಂದಿದ್ರಿ. ಪೊಲೀಸರು ಅಂಗಳದಲ್ಲಿ ನೋಡಿ ಬರ್ಕೊಂಡಿದ್ದಾರೆ."

ಸಾಂತಪ್ಪ ನೆಲ ನೋಡಿದರು. "ಶಬ್ದಕ್ಕೆ ಬಂದ್ವಿ ಸ್ವಾಮಿ. ಹೆಚ್ಚು ಕೇಳ್ಬೇಡಿ."

ಗುರುವಪ್ಪ ಬಂದ, ನಾ ಸಂತೆಯಲ್ಲಿದ್ದೆ, ಹೆಚ್ಚು ಕೇಳ್ಬೇಡಿ ಎಂದ. ಉಳಿದವರದು ಸಾಂತಪ್ಪನವರ ಮಾತೇ. ಅವರೆಲ್ಲ ಹೋದ ಮೇಲೆ ಇವರು ಕಾಫಿ ಕುಡಿಯುತ್ತಾ ನನ್ನ ಮುಖ ನೋಡಿದರು. ನಾನೂ ಕೊಡಗಿನಲ್ಲೇ ಹುಟ್ಟಿದವಳು, ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಒಂದು ಗುಂಡು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ, ಹಂದಿ ಓಡಿಸುತ್ತಿದ್ದಾರೆ ಎಂದು ಸುಮ್ಮನಾಗುತ್ತಾರೆ. ಒಂದರ ಬೆನ್ನಿಗೆ ಇನ್ನೊಂದು ಕೇಳಿತೋ, ಆ ಮನೆಯಲ್ಲಿ ಸಾವಾಗಿದೆ. ಕೈಯಲ್ಲಿದ್ದ ಪೈರನ್ನು ಗದ್ದೆಯಲ್ಲೇ ಬಿಟ್ಟು ಹೋಗಬೇಕು, ಜಗಳವಾಡಿದ ಮನೆಯಾದರೂ ಹೋಗಬೇಕು. ಹೋಗುವಾಗ ಚಟ್ಟಕ್ಕೆ ಬಿದಿರು ಒಯ್ಯಬೇಕು.

"ಘಟ್ಟದ ಕೆಳಗಿನಿಂದ ಬಂದ ಇನ್‌ಸ್ಪೆಕ್ಟರಿಗೆ ಇದು ಗೊತ್ತಿಲ್ಲೆ, ದೊರೆಗಂತೂ ಗೊತ್ತೇ ಇಲ್ಲೆ," ಎಂದರು ಇವರು. "ಆದ್ರೆ ಆ ಮನೆಯಲ್ಲಿ ಸತ್ತವರು ಯಾರೂ ಇಲ್ಲ. ಆ ದಿನ ಹೆತ್ತವಳೊಬ್ಬಳು ಇದ್ದಾಳೆ. ಗುರುವಪ್ಪನ ಹೆಂಡತಿ ಪೂವಮ್ಮ."

ಬದುಕಿರುವ ಬಸುರಿಗೆ ಸಾವಿನ ಗುಂಡು! ಅಪಶಕುನ ಅಂದರೆ ಅದಕ್ಕಿಂತ ಇನ್ನೇನು ಬೇಕು. ಬಾಣಂತನ ಮುಗಿದು ಅವಳು ಬಾವಿಗೆ ಪೂಜೆ ಮಾಡಿ ನೀರು ತರುವವರೆಗೆ ಆ ಮಾತು ಯಾರೂ ಎತ್ತಬಾರದು, ಎತ್ತಿದರೆ ನಿಜವಾಗುತ್ತದೆ, ಅವಳ ಕಿವಿಗಂತೂ ಬೀಳಲೇಬಾರದು ಎಂದು ಊರವರು ಮಾತಾಡಿಕೊಂಡಿರಬೇಕು. ಅದಕ್ಕೇ ಎಲ್ಲರ ಬಾಯಿಗೂ ಬೀಗ.

"ಗೊತ್ತಾಯ್ತಲ್ಲ, ಬಿಟ್ಬಿಡಿ ಗೂಡೆಯನ್ನು," ಎಂದೆ.

"ನನ್ನ ಊಹೆಯ ಮೇಲೆ ಬಿಡೋಕಾಗ್ತದಾ? ಒಬ್ಬ ಸಾಕ್ಷಿ ಬೇಕು."

"ಅವಳು ನೀರು ತರುವವರೆಗೆ ಕಾಯಿರಿ ಹಾಗಾದ್ರೆ."

ಅಸಿಸ್ಟೆಂಟ್ ಕಮಿಷನರ್ ಕಾಗದ ಕಳಿಸಿದ್ದಾರೆ ಎಂದರು ಇವರು. ದೊರೆ ದಿನಾ ಹೋಗಿ ಕೂಗಾಡುತ್ತಿದ್ದಾನೆ. ಈ ವಾರದೊಳಗೆ ತೀರ್ಮಾನವಾಗದಿದ್ದರೆ ಕೇಸು ಅವರ ಕಚೇರಿಗೆ ಹೋಗುತ್ತದೆ. ಅಲ್ಲಿ ಚಾಪೆಯೂ ಇಲ್ಲ, ಊಟವೂ ಇಲ್ಲ. ಗೂಡೆ ಘಟ್ಟದ ಕೆಳಗಿನ ಸುಧಾರಣಾ ಶಾಲೆಗೆ ಹೋದರೆ ಹದಿನೆಂಟು ತುಂಬುವವರೆಗೆ ಕಕ್ಕಬೆಯ ಮುಖ ಕಾಣುವುದಿಲ್ಲ.

"ಊರಲ್ಲಿ ಈ ಮಾತಿಗೆ ಕಟ್ಟುಬೀಳದವಳು ಒಬ್ಬಳೇ," ಎಂದರು. "ಯಾರಿಂದ ಮುಚ್ಚಿಟ್ಟಿದ್ದಾರೋ ಅವಳು. ಆ ಮನೆಯೊಳಗೇ ಇದ್ದವಳು, ಏನಾದ್ರೂ ಗೊತ್ತಿರ್ಬಹುದು. ಅವಳು ಇಲ್ಲಿಗೆ ಬರುವ ಹಾಗಿಲ್ಲ, ನಾನು ಆ ಕೋಣೆಗೆ ಹೋಗುವ ಹಾಗಿಲ್ಲ. ಬೊಳ್ಳಮ್ಮ, ನೀ ಹೋಗ್ಬೇಕು."

ಮೂವತ್ತು ಜನ ಮಕ್ಕಳಿಗೆ ಬೇಯಿಸಿ ಹಾಕಿದ್ದು ಸಾಲದೇ? ಹಾಗೆಂದು ಗೊಣಗಿಕೊಂಡೇ ಸೀರೆ ಬದಲಿಸಿದೆ.

ನಾಪೋಕ್ಲಿನವರೆಗೆ ಬಸ್ಸು, ಅಲ್ಲಿಂದ ಎತ್ತಿನಗಾಡಿ. ಯಮುನಳೂ ಪೂವಯ್ಯನೂ ಜೊತೆಗಿದ್ದರು. ಊರು ಹತ್ತಿರವಾದಂತೆ ಗೂಡೆ ಗಾಡಿಯ ಮೂಲೆಗೆ ಸರಿಯುತ್ತಾ ಹೋದಳು. ಅವಳನ್ನೂ ಪೂವಯ್ಯನನ್ನೂ ಕೆಳಗೆ ಸಾಂತಪ್ಪನವರ ಮನೆಯಲ್ಲಿ ಬಿಟ್ಟು ನಾವು ಗುಡ್ಡ ಹತ್ತಿದೆವು. ದಾರಿಯುದ್ದಕ್ಕೂ ಇವರದು ಒಂದೇ ಪಾಠ. "ಗುಂಡಿನ ಮಾತು ನೀ ಎತ್ತಬಾರದು. ಗೂಡೆ ಎಲ್ಲಿದ್ದಾಳೆ ಅಂತಲೂ ಹೇಳಬಾರದು. ಅವಳ ಮೈ ಇನ್ನೂ ಹಸಿ ಉಟ್ಟು, ಗಾಬರಿಬಿದ್ದು ಹೆಚ್ಚುಕಮ್ಮಿಯಾದ್ರೆ ನನ್ನ ಕೈಯಲ್ಲಿ ತಡ್ಕೊಳ್ಳೋಕಾಗದು. ಅವಳಾಗಿ ಹೇಳಿದ್ರೆ ಮಾತ್ರ ನನ್ನನ್ನು ಬಾಗಿಲಿಗೆ ಕರಿ."

"ಹೇಳ್ದಿದ್ರೆ?"

"ಹೇಳ್ದಿದ್ರೆ ಗೂಡೆಯನ್ನು ಕಳಿಸುವ ಕಾಗದ ನಾನೇ ಬರೀಬೇಕು. ಬೇರೆ ದಾರಿ ಇಲ್ಲೆ."

ಅವರ ದನಿ ಒಡೆದದ್ದು ನನಗೆ ಕೇಳಿತು. ಆಮೇಲೆ ನಾನು ಗೊಣಗಲಿಲ್ಲ.

ಗುರುವಪ್ಪ ನನ್ನನ್ನು ಮಡಿಕೇರಿಯ ನೆಂಟಳು ಎಂದು ಹೇಳಿ ಒಳಗೆ ಬಿಟ್ಟು, ನಿಲ್ಲದೆ ಹೊರಗೆ ಹೋದ. ಕೋಣೆಯಲ್ಲಿ ಕೆಂಡದ ಬಿಸಿ, ಬೆಳ್ಳುಳ್ಳಿಯ ವಾಸನೆ. ಪೂವಮ್ಮ ಬಿಳಿಚಿಕೊಂಡಿದ್ದಳು, ಆದರೆ ಕಣ್ಣು ಮಾತ್ರ ಚುರುಕು. ಪಕ್ಕದಲ್ಲಿ ಬಟ್ಟೆಯೊಳಗೆ ಕೂಸು ಮಲಗಿತ್ತು.

"ನಮ್ಗೆ ಮಡಿಕೇರಿಲಿ ನೆಂಟರು ಉಟ್ಟಾ?" ಎಂದಳು. "ಯಾವ ಕಡೆಯಿಂದ ಅಕ್ಕ?"

"ನಿನ್ನ ಗಂಡನ ಕಡೆಯಿಂದ," ಎಂದೆ.

"ಅಪ್ಪನ ಕಡೆಯಾ, ಅವ್ವನ ಕಡೆಯಾ?"

"ಅವ್ವನ ಕಡೆ."

"ಅತ್ತೆಯ ತವರು ಭಾಗಮಂಡಲದ ಹತ್ರ. ಅಲ್ಲಿಂದ ಮಡಿಕೇರಿಗೆ ಕೊಟ್ಟವರು ಒಬ್ಬರೂ ಇಲ್ಲೆ." ಅವಳು ನಕ್ಕಳು. "ಈ ಊರಲ್ಲಿ ಯಾರಿಗೂ ಸುಳ್ಳು ಹೇಳೋಕೆ ಬರೋದಿಲ್ಲ ಅಕ್ಕ. ಮೇಲಿನಮನೆಯ ಬೊಳ್ಳಪ್ಪಜ್ಜ ಸತ್ತೋದ್ರು, ಅದಕ್ಕೇ ಜನ ಬಂದದ್ದು ಅಂತ ನಂಗೆ ಹೇಳಿದ್ರು. ಮೊನ್ನೆ ಅದೇ ಅಜ್ಜ ನಮ್ಮ ಅಂಗಳದಲ್ಲಿ ಕೂತು ಸುಣ್ಣ ಕೇಳ್ತಿದ್ರು. ನಾ ಇಲ್ಲಿ ಬಾಯಿಗೆ ಸೆರಗು ಹಾಕ್ಕೊಂಡು ನಗ್ತಿದ್ದೆ."

ನನಗೂ ನಗು ಬಂತು. ಆದರೆ ನಗು ಅರ್ಧಕ್ಕೆ ನಿಂತಿತು. ಅಂದರೆ ಇವಳಿಗೆ ಗೊತ್ತು. ಗುಂಡು ಕೇಳಿದ್ದಾಳೆ. ಕೇಳಲೇ ಎಂದು ನಾಲಗೆಯ ತುದಿಗೆ ಬಂತು, ಹಲ್ಲು ಕಚ್ಚಿ ನುಂಗಿದೆ. ಹಾಗೆ ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಕೂಸಿನ ಬಟ್ಟೆ ಸರಿಮಾಡಿದೆ, ಕೆಂಡ ಕೆದಕಿದೆ, ಮತ್ತೆ ಬಟ್ಟೆ ಸರಿಮಾಡಿದೆ.

ಅವಳ ಮುಖ ಆಗಲೇ ಬದಲಾಗಿತ್ತು. "ಅಕ್ಕ, ನೀವು ಯಾರಾದ್ರೂ ಆಗಿ. ಒಂದು ಮಾತು ನಿಜ ಹೇಳಿ. ನಮ್ಮ ಯಮುನ ಎಲ್ಲಿ? ಭಾಗಮಂಡಲಕ್ಕೆ ಕಳಿಸಿದ್ದೇವೆ ಅಂತಾರೆ. ನನ್ನನ್ನು ಬಿಟ್ಟು ಬಚ್ಚಲಿಗೂ ಹೋಗದ ಗೂಡೆ, ಕೂಸಿನ ಮುಖ ನೋಡದೆ ಹೋಗ್ತದಾ?"

ಇವರು ಹೇಳಬೇಡ ಎಂದಿದ್ದರು. ನಾನು ಇವರ ಮಾತು ಮೀರಿದ್ದು ಬೇಕಾದಷ್ಟು ಸಲ, ಆದರೆ ಇವರ ಕೋರ್ಟಿನ ಮಾತನ್ನು ಮೀರಿದ್ದು ಅದೊಂದೇ ಸಲ. ಆ ಕಣ್ಣುಗಳ ಮುಂದೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ನನ್ನ ಮನೆಯಲ್ಲಿದ್ದಳು," ಎಂದೆ. "ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ಉಣ್ತಾಳೆ. ನನ್ನ ಗಂಡ ಮ್ಯಾಜಿಸ್ಟ್ರೇಟ್. ದೊರೆಗೆ ಗುಂಡು ಹೊಡೆದಳು ಅಂತ ಅವಳ ಮೇಲೆ ಕೇಸು ಉಟ್ಟು. ಆಟಕ್ಕೆ ಹೊಡೆದೆ ಅಂದವಳು ಮತ್ತೆ ಬಾಯಿ ಬಿಡೋದಿಲ್ಲ."

ಪೂವಮ್ಮ ಗಾಬರಿಬೀಳಲಿಲ್ಲ. ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಗೋಡೆ ಹಿಡಿದು ಎದ್ದಳು. "ಅವರು ಹೊರಗೆ ಇದ್ದಾರಾ?" ಎಂದಳು. ನಾನು ಇವರನ್ನು ಕರೆದೆ. ಇವರು ಬಾಗಿಲ ಆಚೆ ನೆಲದ ಮೇಲೆ ಕೂತು ಕಾಗದ ತೆಗೆದರು. ಪೂವಮ್ಮ ಬಾಗಿಲ ಈಚೆ ಗೋಡೆಗೆ ಒರಗಿ ಕೂತಳು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಗುರುವಪ್ಪ ನಿಂತಿದ್ದ, ಅವನ ಹಿಂದೆ ನಾಲ್ಕಾರು ಜನ ನೆರೆಯವರು.

"ಬರ್ಕೊಳ್ಳಿ ಸ್ವಾಮಿ," ಎಂದಳು. "ಅವತ್ತು ನೋವು ದಿನಕ್ಕೆ ಮೊದಲೇ ಬಂತು. ಮನೆಯಲ್ಲಿ ಯಾರೂ ಇಲ್ಲೆ, ಊರೆಲ್ಲ ಕೆಳಗೆ ನಾಟಿಯಲ್ಲಿ. ಗೂಡೆ ಗುಡ್ಡದ ತುದಿಗೆ ಹೋಗಿ ಕೂಗಿತು, ನಾಟಿಯ ಹಾಡಿನಲ್ಲಿ ಯಾರಿಗೂ ಕೇಳ್ಲಿಲ್ಲ. ಓಡಿ ಹೋಗಿ ಕರೀತೇನೆ ಅಂತು. ನಾ ಬಿಡ್ಲಿಲ್ಲ. ಆಗ್ಲೇ ನೆತ್ತರು ಹರೀತಿತ್ತು, ಅವಳು ಗದ್ದೆಗೆ ಹೋಗಿ ಬರುವಷ್ಟರಲ್ಲಿ ನಾ ಇರ್ತಿರ್ಲಿಲ್ಲ. ಕೋವಿ ತೆಗೆದು ಆಕಾಶಕ್ಕೆ ಹೊಡಿ ಅಂದೆ. ಒಂದಾ ಅಂತ ಕೇಳಿತು. ಒಂದಕ್ಕೆ ಯಾರು ಬರ್ತಾರೆ ಸ್ವಾಮಿ? ಎರಡು ಹೊಡಿ ಅಂದೆ."

ಇವರ ಲೇಖನಿ ನಿಂತಿತು.

"ನಿಮ್ಮ ಸಾವಿನ ಗುಂಡನ್ನು ಹೊಡೀಲಿಕ್ಕೆ ನೀವೇ ಹೇಳಿದ್ದಾ ಪೂವಮ್ಮ?"

"ನಾನೇ. ಗೂಡೆ ಹೊಡೆಯೋದಿಲ್ಲ ಅಂತ ಅತ್ತಿತು. ಹೊಡೆದ್ರೆ ನೀ ಸಾಯ್ತಿಯ ಚಿಕ್ಕವ್ವ ಅಂತು. ಹೊಡೀದಿದ್ರೆ ಸಾಯ್ತೇನೆ ಅಂದೆ. ಗುಂಡಾದ ಮೇಲೆ ಜನ ಬರುವ ಕಾಲ ಸದ್ದು ಕೇಳ್ತಾ ಮಲಗಿದ್ದೆ. ನನ್ನ ಹೆಣ ಹೊರೋಕೆ ಬಂದವರು ಸ್ವಾಮಿ ಅವರೆಲ್ಲ. ಅವರೊಳಗೆ ಸೂಲಗಿತ್ತಿ ಚೋಮಿಯೂ ಇದ್ದಳು, ಗದ್ದೆಯ ಕೆಸರಿನ ಕಾಲಲ್ಲೇ ಬಂದು ನನ್ನನ್ನು ಉಳಿಸಿಕೊಂಡಳು. ಈ ಊರಿನ ಋಣ ನಾ ಯಾವ ಜನ್ಮದಲ್ಲಿ ತೀರಿಸೋದು? ಬಿದಿರು ಹೊತ್ಕೊಂಡು ಬಂದವರನ್ನು ನೆನೆಸಿ ದಿನಾ ಇಲ್ಲೇ ಕೂತು ಕೈ ಮುಗೀತೇನೆ."

ಹೊರಗೆ ಸಾಂತಪ್ಪಜ್ಜ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು.

"ಮತ್ತೆ ಗೂಡೆ ಯಾಕೆ ಹೇಳ್ಲಿಲ್ಲ?" ಎಂದರು ಇವರು.

ಪೂವಮ್ಮ ನನ್ನ ಮಡಿಲಿನ ಕೂಸಿನ ಕಡೆ ನೋಡಿದಳು. "ಹೊಟ್ಟೆಯಲ್ಲಿ ಕೂಸು ಇಟ್ಕೊಂಡು ಅಂಥ ಮಾತು ಆಡಿದೆ ಅಂತ ಮನೆಯವರಿಗೆ ಗೊತ್ತಾದ್ರೆ ಎಂತ ಅನ್ಕೊಂಡಾರು ಅಂತ ನಂಗೆ ಹೆದರಿಕೆ. ನಾ ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ ಅಂತ ನನ್ನ ತಲೆ ಮುಟ್ಟಿಸಿ ಆಣೆ ಹಾಕ್ಸಿದೆ. ಬಾಯಿ ಬಿಟ್ರೆ ನಾ ಸಾಯ್ತೇನೆ ಅಂತ ಗೂಡೆ ನಂಬಿದೆ ಸ್ವಾಮಿ. ಪೊಲೀಸು ಹಿಡ್ಕೊಂಡು ಹೋದದ್ದು ನಂಗೆ ಒಬ್ಬರೂ ಹೇಳ್ಲಿಲ್ಲ."

ಗದರಿದಾಗ ಗೂಡೆ ತಲೆಯಾಡಿಸಿದ್ದು ನನ್ನ ಕಣ್ಣ ಮುಂದೆ ಬಂತು. ಹಟಮಾರಿಯಂತೆ! ಹನ್ನೊಂದು ವರ್ಷದ ಮಗು ತನ್ನ ಏಳು ವರ್ಷವನ್ನು ಎಣಿಸಿಕೊಂಡು, ಚಿಕ್ಕವ್ವನ ಜೀವ ಉಳಿಯಲಿ ಎಂದು ಹೋಗಲು ಸಿದ್ಧವಾಗಿತ್ತು.

ಇವರು ಅಲ್ಲೇ, ಆ ನೆಲದ ಮೇಲೇ ತೀರ್ಪು ಬರೆದರು. ಬರೆದದ್ದನ್ನು ಊರವರಿಗೆಲ್ಲ ಕೇಳುವಂತೆ ಓದಿದರು. ಗುಂಡು ಹಾರಿದ್ದು ಆಕಾಶಕ್ಕೆ, ಯಾರನ್ನೂ ಗುರಿಯಿಟ್ಟಲ್ಲ. ಇದು ಒಂದು ಜೀವ ಉಳಿಸಲು ಈ ನಾಡಿನ ಪದ್ಧತಿಯಂತೆ ಜನರನ್ನು ಕರೆದದ್ದು. ಕುದುರೆ ಬೆದರಿದ್ದಕ್ಕೂ ದೊರೆಯ ಕೈ ಮುರಿದದ್ದಕ್ಕೂ ಕೋರ್ಟು ವಿಷಾದಪಡುತ್ತದೆ. ಮಗುವಿನ ಮೇಲೆ ಅಪರಾಧವಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಎಷ್ಟು ಒರೆಸಿದರೂ ಮುಗಿಯಲಿಲ್ಲ. ನಾನು ನೋಡದವಳಂತೆ ಕೂಸನ್ನು ತಟ್ಟುತ್ತಿದ್ದೆ.

ಪೂವಯ್ಯ ಯಮುನಳನ್ನು ಕರೆದುಕೊಂಡು ಬಂದ. ಅಂಗಳದಲ್ಲಿ ಜನ ದಾರಿ ಬಿಟ್ಟರು. ಅವಳು ಕೋಣೆಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಳು.

"ಬಾ ಒಳಗೆ," ಎಂದಳು ಪೂವಮ್ಮ. "ಎಲ್ಲ ನಾನೇ ಹೇಳಿ ಮುಗಿಸಿದೆ. ನೀ ಎಂತದೂ ಹೇಳಿಲ್ಲೆ. ಆಣೆ ಹಾಕಿಸಿದವಳು ನಾನು, ಬಿಡಿಸಿದವಳೂ ನಾನು. ನೋಡು, ಸತ್ತಿದ್ದೇನಾ?"

ಗೂಡೆ ಚಿಕ್ಕವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನನ್ನ ಮಡಿಲಿನ ಬಟ್ಟೆಯ ಗಂಟನ್ನು ನೋಡಿದಳು. ಒಳಗೆ ಬರಲಿಲ್ಲ. ಅಷ್ಟು ದಿನ ನನ್ನ ಮನೆಯಲ್ಲಿದ್ದವಳ ದನಿಯನ್ನು ನಾನು ಮೊದಲು ಕೇಳಿದ್ದು ಆಗ.

"ಕೂಸು ಬದುಕಿದ್ದಾ?" ಎಂದಳು.

ಹೆರಿಗೆಯಾಗುವ ಮೊದಲೇ ಅವಳನ್ನು ಅಂಗಳದಿಂದ ಹಿಡಿದೊಯ್ದಿದ್ದರು. ಕೂಸು ಬದುಕಿದೆ ಎಂದು ಪೊಲೀಸರು ಹೇಳಲಿಲ್ಲ, ಇವರು ಹೇಳಲಿಲ್ಲ, ದಿನಾ ತಲೆ ಬಾಚಿದ ನಾನೂ ಹೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಅವಳೂ ಕೇಳಲಿಲ್ಲ.

"ಬದುಕುಟ್ಟು," ಎಂದಳು ಪೂವಮ್ಮ. "ಹೆಣ್ಣು ಕೂಸು. ನೀ ಊರನ್ನು ಕರೆದದ್ದಕ್ಕೇ ಬದುಕುಟ್ಟು. ಬಾ, ಎತ್ಕೊ."

ನಾನು ಕೂಸನ್ನು ಎರಡು ಕೈಯಲ್ಲಿ ಮುಂದೆ ಹಿಡಿದೆ. ಇಷ್ಟು ವರ್ಷ ಇವರ ಕೆಲಸವನ್ನು ಬೈಯುತ್ತಾ ಬಂದ ಬಾಯಿ ನನ್ನದು. ಈ ಕೆಲಸವನ್ನು ನಮ್ಮ ಜಗಲಿಗೆ ತಂದದ್ದಕ್ಕೆ ನಿನಗೆ ಕೈ ಮುಗಿದೆ ದೇವರೇ, ಎಂದು ಅದೇ ಬಾಯಿಂದ ಎಲ್ಲರಿಗೂ ಕೇಳುವ ಹಾಗೆ ಅಂದೆ. ಬಾಗಿಲ ಆಚೆ ಇವರು ತಲೆ ಎತ್ತಿ ನನ್ನನ್ನು ನೋಡಿದರು.

ಗೂಡೆ ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೊಸ್ತಿಲು ದಾಟಿದಳು.